ಸೊರಬದ ದೀಪಕ್ಕೆ ನನ್ನ ಮಂಡಿ ಎಣ್ಣೆ

ನನ್ನ ನಾದಿನಿ ಸುಶೀಲ ಹೋದ ವರ್ಷ ಸ್ವಿಟ್ಜರ್ಲೆಂಡಿಗೆ ಹೋಗಿ ಬಂದಳು. ಬಂದವಳು ಸುಮ್ಮನಿರಲಿಲ್ಲ. ಮನೆತನದ ವಾಟ್ಸಾಪ್ ಗುಂಪಿನಲ್ಲಿ ಹನ್ನೆರಡು ಕಂತು ಬರೆದಳು. ಪ್ರತಿ ಕಂತಿನಲ್ಲೂ ಹಿಮ, ಹಸು, ಮತ್ತೆ ಸುಶೀಲ. ಹಸು ನೋಡಲು ಅಷ್ಟು ದೂರ ಹೋಗಬೇಕಿತ್ತೇನೇ ಎಂದು ಕೇಳೋಣವೆಂದರೆ ಆಗ ನನಗೆ ಟೈಪ್ ಮಾಡಲು ಬರುತ್ತಿರಲಿಲ್ಲ. ಎಲ್ಲದಕ್ಕೂ ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ.

ಈಗ ಬರುತ್ತದೆ. ಮೊಮ್ಮಗಳು ಕಲಿಸಿದ್ದಾಳೆ. ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಕುಕ್ಕುತ್ತೇನೆ. ಆದ್ದರಿಂದ ನನ್ನ ವಿದೇಶ ಪ್ರವಾಸವನ್ನೂ ಬರೆದುಬಿಡುತ್ತೇನೆ. ದೇಶದ ಹೆಸರು ಸೊರಬ. ನಗಬೇಡಿ. ಶಿಕಾರಿಪುರದಿಂದ ಹೊರಟು ಶಿರಾಳಕೊಪ್ಪ ದಾಟಿದರೆ ಮಾತು ಬೇರೆ, ರೊಟ್ಟಿ ಬೇರೆ, ಸಾರಿನ ಬಣ್ಣವೇ ಬೇರೆ. ಸುಶೀಲ ಸ್ವಿಟ್ಜರ್ಲೆಂಡಿನಲ್ಲಿ ತಿಂದದ್ದು ಮನೆಯಿಂದ ಕಟ್ಟಿಕೊಂಡು ಹೋದ ಚಪಾತಿ. ನಾನು ಆ ದೇಶದವರು ಹಾಕಿದ್ದನ್ನೇ ತಿಂದು ಬದುಕಿ ಬಂದಿದ್ದೇನೆ.

ಅಂಜನಾಪುರ

ನಮ್ಮೂರು ಅಂಜನಾಪುರ. ಪಕ್ಕದಲ್ಲೇ ಡ್ಯಾಮು. ಕೋಡಿ ಬಿದ್ದಾಗ ಜನ ಬರುತ್ತಾರೆ, ನೀರಿಗೆ ಬೆನ್ನು ಮಾಡಿ ನಿಂತು ಫೋಟೋ ತೆಗೆದುಕೊಂಡು ಹೋಗುತ್ತಾರೆ. ನೀರನ್ನು ನೋಡಿದವರನ್ನು ನಾನು ಕಂಡಿಲ್ಲ.

ದಸರೆ ಮುಗಿದ ವಾರ ನನ್ನ ತಂಗಿ ಗಿರಿಜ ಫೋನು ಮಾಡಿದಳು. ಅವಳನ್ನು ಕೊಟ್ಟದ್ದು ಸೊರಬ ತಾಲ್ಲೂಕಿನ ಕುಪ್ಪಗಡ್ಡೆಗೆ. ಸೊರಬದಲ್ಲಿ ಉದಯೋನ್ಮುಖ ಗಾಯಕರ ಸಂಗೀತೋತ್ಸವವಂತೆ. ಅವಳ ಸೊಸೆ ಮಂಜುಳ ತನ್ನ ತಂಡ ಕಟ್ಟಿಕೊಂಡು ಅಂಟಿಗೆ-ಪಂಟಿಗೆ ಹಾಡುತ್ತಾಳಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೀಪಾವಳಿಯಲ್ಲಿ ಆ ಕಡೆಯ ಗಂಡಸರು ಉರಿಯುವ ದೀಪ ಹಿಡಿದು ಮನೆಮನೆಗೆ ಹೋಗುತ್ತಾರೆ. ಮುಚ್ಚಿದ ಬಾಗಿಲ ಮುಂದೆ ನಿಂತು ಹಾಡುತ್ತಾರೆ. ಮನೆಯವಳು ಬಾಗಿಲು ತೆಗೆದು ದೀಪಕ್ಕೆ ಎಣ್ಣೆ ಎರೆಯಬೇಕು. ಎರೆಯುವವರೆಗೆ ಅವರು ಹೊಸಿಲು ಬಿಟ್ಟು ಕದಲುವಂತಿಲ್ಲ. ಎರೆದ ಮೇಲೆ ಮುಂದಿನ ಬಾಗಿಲು. ದೀಪ ನಡುವೆ ಆರಬಾರದು. ಇಷ್ಟೇ ಕಾನೂನು, ಆದರೆ ಅಲ್ಲಿ ತಹಶೀಲ್ದಾರರ ಆರ್ಡರಿಗಿಂತ ಇದಕ್ಕೇ ಬೆಲೆ.

ಮಂಜುಳನ ಅಪ್ಪ ಆ ಹಾಡಿನಲ್ಲಿ ದೊಡ್ಡ ಹೆಸರು ಮಾಡಿದವನು. ಗಂಡುಮಕ್ಕಳಿಲ್ಲ. ಹಾಡನ್ನೆಲ್ಲ ಮಗಳಿಗೆ ಕೊಟ್ಟು ಹೋದ. ಕುಪ್ಪಗಡ್ಡೆಯಲ್ಲಿ ಈಗ ಗಂಡಸರ ತಂಡದ ಮುಖಂಡ ಬಸಪ್ಪ. ಮುಖಂಡ ಇದ್ದಾನೆ, ತಂಡ ಇಲ್ಲ. ಹುಡುಗರು ಮೊದಲ ಬಾಗಿಲಲ್ಲೇ ಮೊಬೈಲು ತೆಗೆಯುತ್ತಾರೆ. ಹೋದ ದೀಪಾವಳಿಗೆ ದೀಪ ಬಸಪ್ಪನ ಮನೆಯ ಗೂಡು ಬಿಟ್ಟು ಹೊರಗೆ ಬರಲೇ ಇಲ್ಲ. ನಾವು ಹೆಂಗಸರು ಹೊರಡುತ್ತೇವೆ ಎಂದು ಮಂಜುಳ ಕೇಳಿದ್ದಕ್ಕೆ ಬಸಪ್ಪ ವಾರಗಟ್ಟಲೆ ನಾಳೆ ಬಾ ಎಂದ. ಕೊನೆಗೆ ಒಂದು ಷರತ್ತು ಹಾಕಿದನಂತೆ. ಗಿರಿಜ ಫೋನಿನಲ್ಲಿ ಅವನ ದನಿಯಲ್ಲೇ ಹೇಳಿದಳು:

"ಒಂದು ಬಾಗ್ಲಲ್ಲಿ ಅರ್ಧಕ್ಕೆ ಬಿಡದೆ ಹಾಡಿ, ಎಣ್ಣೆ ಹಾಕ್ಸ್ಕಂಡು, ದೀಪ ಉರೀತಾ ಊರಿಗೆ ತನ್ನಿ. ಆಗ ಹಬ್ಬಕ್ಕೆ ದೀಪ ನಿಮ್ದು. ಆರಿದ್ರೆ ಮತ್ತೆ ಕೇಳಂಗಿಲ್ಲ."

ಆ ಒಂದು ಬಾಗಿಲು ಸೊರಬದ ಸ್ಟೇಜು. ನೋಡಲು ಬಸಪ್ಪನೂ ಬರುತ್ತಾನಂತೆ.

ಅದೇ ದಿನ ಸೀರೆ ಮಡಚಿದೆ. ಜೊತೆಗೆ ಮಂಡಿಗೆ ಹಚ್ಚುವ ಎಣ್ಣೆ. ಎಳ್ಳೆಣ್ಣೆಗೆ ಕರ್ಪೂರ ಹಾಕಿ ನಾನೇ ಕಾಯಿಸಿದ್ದು. ಒಂದು ಕೆಮ್ಮಿನ ಔಷಧಿ ಬಾಟಲಿಯ ತುಂಬ ಇತ್ತು.

ಬಸ್ಸು

ನಮ್ಮ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಆಧಾರ್ ಕಾರ್ಡೇ ಪಾಸ್‌ಪೋರ್ಟು. ತೋರಿಸಿದರೆ ಕಂಡಕ್ಟರು ದುಡ್ಡಿಲ್ಲದೆ ಟಿಕೆಟ್ ಹರಿದು ಕೊಡುತ್ತಾನೆ. ಶಿಕಾರಿಪುರದಲ್ಲಿ ಬಸ್ಸು ಬದಲಿಸಿ ಕೂತು, ಠೀವಿಯಿಂದ ಕಾರ್ಡು ತೆಗೆದು ಕೊಟ್ಟೆ. ಅವನು ಕಾರ್ಡು ನೋಡಿದ, ನನ್ನ ನೋಡಿದ, ಮತ್ತೆ ಕಾರ್ಡು ನೋಡಿದ.

"ಅಜ್ಜಿ, ಇದ್ರಾಗ ಮೀಸಿ ಐತಿ."

ಆತುರದಲ್ಲಿ ನಮ್ಮ ಯಜಮಾನರ ಕಾರ್ಡು ತಂದಿದ್ದೆ.

"ವಯಸ್ಸಾತು ಅಂದ್ರ ಎಲ್ಲಾರಿಗೂ ಒಂದಿಷ್ಟು ಬರತೈತಪ್ಪ," ಎಂದೆ.

ಹಿಂದಿನ ಸೀಟಿನ ಹೆಂಗಸರು ನಕ್ಕರು. ಕಂಡಕ್ಟರು ನಗಲಿಲ್ಲ. ಅವನಿಗೆ ಕಾನೂನು. ಚೀಲವನ್ನೆಲ್ಲ ಮಡಿಲಿಗೆ ಸುರಿದು ಹುಡುಕಿದರೆ ನನ್ನ ಕಾರ್ಡು ಎಣ್ಣೆ ಬಾಟಲಿಗೆ ಅಂಟಿಕೊಂಡಿತ್ತು. ಅವನು ಎರಡು ಬೆರಳಲ್ಲಿ ಹಿಡಿದು, ಮೂಸಿ, ವಾಪಸ್ ಕೊಟ್ಟ. ಸುಶೀಲನನ್ನು ಏರ್‌ಪೋರ್ಟಿನಲ್ಲಿ ಹೀಗೆ ಯಾರೂ ಮೂಸಿರಲಿಕ್ಕಿಲ್ಲ.

ತಾಳಗುಂದದ ಕಡೆ ತಿರುಗುವ ದಾರಿ ಬಂದಾಗ ಪಕ್ಕದವಳಿಗೆ ಅಲ್ಲಿನ ಹಳೇ ಶಾಸನದ ವಿಷಯ ಹೇಳಿದೆ. ಇಂಥದ್ದು ನಿಮ್ಮ ಸೊರಬದ ಕಡೆ ಇಲ್ಲ ಬಿಡಿ ಎಂದೆ. ಅವಳು ಅಡಿಕೆ ಜಗಿಯುತ್ತಾ, ನಮ್ಮಲ್ಲಿ ಕಲ್ಲು ಬೇಕಾದಷ್ಟಿವೆ, ಓದಲು ಪುರುಸೊತ್ತಿಲ್ಲ ಎಂದಳು. ಆಗಲೇ ಗೊತ್ತಾಯಿತು, ಗಡಿ ದಾಟಿದ್ದೇನೆ.

ಕುಪ್ಪಗಡ್ಡೆ

ಈ ದೇಶದವರ ಅಭ್ಯಾಸಗಳು. ಮನೆಗೆ ಬಂದವರಿಗೆ ಮೊದಲು ಅಡಿಕೆ ತಟ್ಟೆ, ಆಮೇಲೆ ನೀರು. ಹಿತ್ತಲಿಗೆ ಹೋಗಿ ಕೈಗೆ ಸಿಕ್ಕ ಸೊಪ್ಪು ಕಿತ್ತು ತಂದು, ಅರೆದು, ಮಜ್ಜಿಗೆಗೆ ಕಲಸಿ ತಂಬುಳಿ ಎಂದು ಬಡಿಸುತ್ತಾರೆ. ನಾವು ಅದೇ ಸೊಪ್ಪನ್ನು ಎಮ್ಮೆಗೆ ಹಾಕಿ, ಎಮ್ಮೆ ಕೊಟ್ಟ ಮಜ್ಜಿಗೆ ಕುಡಿಯುತ್ತೇವೆ. ನಮ್ಮದು ಸುತ್ತಿನ ದಾರಿ, ಆದರೆ ರುಚಿ ಇದೆ. ಅಕ್ಕಿ ರೊಟ್ಟಿ ಎಂಥ ಮೆತ್ತಗೆ ಎಂದರೆ ತಿಂದದ್ದೇ ತಿಳಿಯುವುದಿಲ್ಲ. ರೊಟ್ಟಿ ಎಂದರೆ ಜೋಳದ್ದು, ಬಡಿಯುವ ಸದ್ದು ಪಕ್ಕದ ಮನೆಗೆ ಕೇಳಬೇಕು. ಇದನ್ನು ನಾಲ್ಕನೇ ಅಕ್ಕಿ ರೊಟ್ಟಿ ತಿನ್ನುತ್ತಾ ಗಿರಿಜನಿಗೆ ಹೇಳಿದೆ.

ಸಂಜೆ ಬಸಪ್ಪ ಬಂದು ಜಗಲಿಯಲ್ಲಿ ಕೂತ. ಹೆಗಲ ಮೇಲೆ ಟವೆಲ್ಲು, ಮುಖ ಬೀಗ ಹಾಕಿದ ಕೋಣೆ. ಮಂಜುಳ ಮತ್ತು ಮೂವರು ಹೆಂಗಸರು ಹಿಡಿ ಇರುವ ಹಿತ್ತಾಳೆ ದೀಪವನ್ನು ಉಜ್ಜುತ್ತಿದ್ದರು. ನಾಳೆ ಎಣ್ಣೆ ಎಷ್ಟು ತಗೊಂಡು ಹೋಗುತ್ತೀರಿ ಎಂದು ನಾನು ಕೇಳಿದೆ. ಎಲ್ಲರೂ ನನ್ನನ್ನು ಪಕ್ಕಾ ವಿದೇಶದವಳನ್ನು ನೋಡಿದ ಹಾಗೆ ನೋಡಿದರು.

"ದೀಪದವ್ರು ಎಣ್ಣೆ ಹೊರದಿಲ್ಲ ದೊಡ್ಡಮ್ಮ," ಎಂದಳು ಮಂಜುಳ. "ಎಣ್ಣೆ ಬಾಗ್ಲಿಂದ ಬರ್ಬೇಕು."

ಸ್ಟೇಜಿಗೆ ಬಾಗಿಲೆಲ್ಲಿದೆ, ಎರೆಯುವವರು ಯಾರು ಎಂದು ಕೇಳಿದೆ. ಉತ್ಸವದ ಕಮಿಟಿಯವರಿಗೆ ಹೇಳಿದ್ದೇವೆ, ಅವರ ಕಡೆಯ ಒಬ್ಬ ಹೆಂಗಸು ಮನೆಯೊಡತಿಯಾಗಿ ಬಂದು ಎರೆಯುತ್ತಾಳೆ ಎಂದರು. ಕಮಿಟಿಯನ್ನು ನಂಬಿ ಉರಿಯುವ ದೀಪ ಹೊರುವವರು ಈ ಭೂಮಿಯ ಮೇಲೆ ಕುಪ್ಪಗಡ್ಡೆಯವರು ಮಾತ್ರ.

ಸೊರಬ, ಬೆಳಿಗ್ಗೆ

ಉತ್ಸವ ಒಂದು ಮದುವೆ ಮಂಟಪದಲ್ಲಿ. ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸು. ಅದರ ತುಂಬ ಕಮಿಟಿಯವರ ಮುಖಗಳು, ಎಲ್ಲರೂ ಫೋನು ಕಿವಿಗೆ ಹಿಡಿದು ದೂರ ನೋಡುತ್ತಿದ್ದಾರೆ. ಹಾಡುವವರ ಹೆಸರು ಕೆಳಗೆ, ಇರುವೆ ಸಾಲಿನ ಹಾಗೆ. ಕನ್ನಡಕ ಹಾಕಿ, ಬಗ್ಗಿ ಹುಡುಕಿದೆ. ಮಂಜುಳನ ಹೆಸರಿನ ಮೇಲೆ ಹಗ್ಗದ ಗಂಟು ಬಿದ್ದಿತ್ತು.

ಒಳಗೆ ಸ್ಟೇಜಿನ ಮೇಲೆ ಇಪ್ಪತ್ತು ಕುರ್ಚಿ. ಹಾಡುವವರಿಗೆ ಉಳಿದದ್ದು ಒಂದು ಮೂಲೆ, ಎರಡು ಹೆಜ್ಜೆ ಇಟ್ಟರೆ ಯಾರದಾದರೂ ಮೊಣಕಾಲು. ಒಂಬತ್ತಕ್ಕೆ ಎಂದದ್ದು ಹನ್ನೊಂದಕ್ಕೆ ಶುರುವಾಯಿತು. ದೀಪ ಬೆಳಗಿಸಿ ಉದ್ಘಾಟನೆ ಎಂದು ಕೂಗಿದರು. ನೋಡಿದರೆ ಪ್ಲಾಸ್ಟಿಕ್ಕಿನ ದೀಪದ ಕಂಬ. ಅತಿಥಿಗಳು ಗಂಭೀರವಾಗಿ ಸ್ವಿಚ್ಚು ಒತ್ತಿದರು, ಐದು ಬಲ್ಬು ಹತ್ತಿಕೊಂಡವು. ಆರನೆಯದು ಹತ್ತಲಿಲ್ಲ, ಯಾರೋ ತಟ್ಟಿದರು. ಎಣ್ಣೆ ಇಲ್ಲ, ಬತ್ತಿ ಇಲ್ಲ, ಮಸಿ ಇಲ್ಲ ಎಂದು ಕಮಿಟಿಯ ಅಧ್ಯಕ್ಷರು ಮೈಕಿನಲ್ಲಿ ಹೊಗಳಿಕೊಂಡರು.

ಆಮೇಲೆ ಸನ್ಮಾನ. ಒಂದೇ ಒಂದು ಜರಿ ಶಾಲು. ಹೊದಿಸುವುದು, ಫೋಟೋ, ಹಿಂದಿನಿಂದ ಒಂದು ಕೈ ಬಂದು ಶಾಲು ಎಳೆದುಕೊಳ್ಳುವುದು, ಮಡಚಿ ಮುಂದಿನವರಿಗೆ ಹೊದಿಸುವುದು. ಹದಿನೆಂಟು ಹೆಗಲು ಏರಿ ಇಳಿಯಿತು ಆ ಶಾಲು. ಉಟ್ಟ ಸೀರೆ ಬಿಟ್ಟು ಬೇರೇನನ್ನೂ ಇಷ್ಟು ಜೋಪಾನ ಮಾಡಿದವರನ್ನು ನಾನು ನೋಡಿಲ್ಲ.

ಈಗ ಉದಯೋನ್ಮುಖರು. ಮೊದಲನೆಯವನು ಕಪ್ಪು ಕನ್ನಡಕದವನು, ಪೆನ್‌ಡ್ರೈವ್ ಕೊಟ್ಟು ನಿಂತ. ಚೆನ್ನಾಗಿಯೇ ಹಾಡಿದ. ನಡುವೆ ಕೆಮ್ಮು ಬಂತು, ಬಾಯಿಗೆ ಕರ್ಚೀಫು ಇಟ್ಟುಕೊಂಡ. ಹಾಡು ಮಾತ್ರ ನಿಲ್ಲಲಿಲ್ಲ. ಅದು ಪೆನ್‌ಡ್ರೈವ್ ಹಾಡುತ್ತಿದ್ದದ್ದು. ಜನ ಆದರೂ ಚಪ್ಪಾಳೆ ತಟ್ಟಿದರು, ಯಾರಿಗೆಂದು ನನಗೆ ತಿಳಿಯಲಿಲ್ಲ. ಎರಡನೆಯವನು ಗಿಟಾರಿನವನು. ನಾಟಿ ಹಾಡಿಗೆ ಹೊಸ ರೂಪ ಕೊಟ್ಟಿದ್ದೇನೆ ಎಂದು ಹೇಳಿ ಕಣ್ಣು ಮುಚ್ಚಿದ. ಹೊಟ್ಟೆ ಹಿಡಿದುಕೊಂಡವರ ಮುಖ. ಆ ವೇಗದಲ್ಲಿ ಹಾಡುತ್ತಾ ನಾಟಿ ಮಾಡಿದ್ದರೆ ಅವನ ಗದ್ದೆಯಲ್ಲಿ ಈ ವರ್ಷದ ಸಸಿ ಮುಂದಿನ ವರ್ಷ ನೆಲ ಸೇರುತ್ತಿತ್ತು.

ಮೂರನೆಯದು ಒಂದು ಹೈಸ್ಕೂಲಿನ ಹುಡುಗಿ. ತಂಬೂರಿ ಸದ್ದಿನ ಪುಟ್ಟ ಪೆಟ್ಟಿಗೆ ಮುಂದಿಟ್ಟುಕೊಂಡು, ಎರಡು ಜಡೆ, ಮಾತೇ ಇಲ್ಲದೆ ಶುರು ಮಾಡಿದಳು. ನಾನು ಚೀಲದಲ್ಲಿ ಕೈ ಆಡಿಸುವುದನ್ನು ನಿಲ್ಲಿಸಿದೆ. ಅಷ್ಟು ಸ್ವಚ್ಛ ಕಂಠ. ಮೇಲಿನ ಸ್ವರಕ್ಕೆ ಹೋಗಿ ನಿಂತಿದ್ದಾಳೆ, ಇನ್ನೂ ಇಳಿದಿಲ್ಲ, ಆಗ ಬಾಗಿಲಲ್ಲಿ ಚುನಾವಣೆಗೆ ನಿಲ್ಲುವ ಮುಖ್ಯ ಅತಿಥಿಗಳ ಕಾರು ಬಂತು. ಅಧ್ಯಕ್ಷರು ಅವಳ ಮುಂದಿನ ಮೈಕು ಎತ್ತಿಕೊಂಡೇ ಹೋದರು, ಸ್ವಾಗತ ಕೋರಲು. ಹುಡುಗಿ ಮೇಲಿನ ಸ್ವರದಿಂದ ನೇರ ಮೆಟ್ಟಿಲಿಗೆ ಇಳಿದಳು. ಮತ್ತೆ ಯಾರೂ ಕರೆಯಲಿಲ್ಲ.

ನನ್ನ ಹಿಂದೆ ಕೂತಿದ್ದ ಮಂಜುಳ ಅದನ್ನು ನೋಡಿದಳು. ಅವಳಿಂದ ಮೂರು ಕುರ್ಚಿ ಆಚೆ ಬಸಪ್ಪನೂ ನೋಡಿದ.

ಸೊರಬ, ಊಟ ಆದಮೇಲೆ

ಮಂಜುಳನ ತಂಡವನ್ನು ಮೂರು ಗಂಟೆಗೆ ಕರೆದರು. ಐದು ನಿಮಿಷ ಎಂದರು, ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿದೆ. ಅವಳ ಅಪ್ಪನ ಹಾಡು ಅರ್ಧ ಗಂಟೆಯದು.

ದೀಪ ಹಚ್ಚಿಕೊಂಡು ಮೇಲೆ ಹೋದರು. ಶುರುವಾಯಿತು. ಒಬ್ಬಳು ಎತ್ತುವುದು, ಮೂವರು ಹಿಡಿಯುವುದು. ಮೊದಲು ಬಾಗಿಲನ್ನು ಹಾಡುವುದು, ಆಮೇಲೆ ಮಲಗಿದ ಮನೆಯವರನ್ನು ಎಬ್ಬಿಸುವುದು, ಅದಾದ ಮೇಲೆ ಕೊಟ್ಟಿಗೆಯ ದನಗಳ ಪದ. ಮಂಜುಳನ ಗಂಟಲಲ್ಲಿ ಸ್ವಲ್ಪ ಮರಳಿದೆ, ಅದೇ ಚೆಂದ. ನಾನು ಫೋನು ಗಿರಿಜನ ಕೈಗೆ ಕೊಟ್ಟು ಪೂರ್ತಿ ವಿಡಿಯೋ ಮಾಡು ಎಂದೆ.

ಐದು ನಿಮಿಷಕ್ಕೆ ಅಧ್ಯಕ್ಷರು ಕೈಸನ್ನೆ ಮಾಡಿದರು. ಮಂಜುಳ ದೀಪ ತೋರಿಸಿದಳು, ಎಣ್ಣೆ ಎಂದು. ಎರೆಯಬೇಕಾದ ಕಮಿಟಿಯ ಹೆಂಗಸು ಊಟ ಮುಗಿಸಿ ಮನೆಗೆ ಹೋಗಿದ್ದಳು. ಅಧ್ಯಕ್ಷರು ಎಣ್ಣೆ ಹುಡುಕಿದರು. ಊಟ ಹೊರಗಿನಿಂದ ಡಬ್ಬಿಗಳಲ್ಲಿ ಬಂದದ್ದು, ಮಂಟಪದ ಅಡುಗೆ ಮನೆಗೆ ಬೀಗ. ಉದ್ಘಾಟನೆಯ ದೀಪದ ಹತ್ತಿರ ಒಬ್ಬ ಓಡಿಹೋದ, ಬಲ್ಬು ನೋಡಿ ವಾಪಸ್ ಬಂದ. ಆಗ ನನಗೆ ಆದ ಸಂತೋಷ ಬರೆಯಲು ಒಂದು ಬೆರಳು ಸಾಲದು.

ಗಿರಿಜ ನನ್ನ ಕಿವಿಯಲ್ಲಿ, ಅಕ್ಕ, ನಿನ್ನ ಹತ್ರ ಎಣ್ಣೆ ಇತ್ತಲ್ಲೇನೇ ಎಂದಳು. ಬಾಟಲಿ ಆಗಲೇ ಚೀಲದಿಂದ ನನ್ನ ಸೀರೆಯ ನೆರಿಗೆಗೆ ಬಂದಿತ್ತು. ಅವಳ ತೊಡೆ ಚಿವುಟಿದೆ.

"ಬಾಯಿ ಮುಚ್ಚು. ಇನ್ನಾ ಕೊಟ್ಟಿಗಿ ಪದ ಬಂದಿಲ್ಲ."

ಎಣ್ಣೆ ಬೀಳದೆ ಅವರು ಇಳಿಯುವಂತಿಲ್ಲ, ಎಣ್ಣೆ ಇರುವುದು ನನ್ನ ಹತ್ತಿರ ಮಾತ್ರ. ಹಾಡು ಎಷ್ಟು ಹೊತ್ತು ಎನ್ನುವುದನ್ನು ಆ ಮಂಟಪದಲ್ಲಿ ಈಗ ನಿರ್ಧರಿಸುವವಳು ನಾನು. ಇಂಥ ಅಧಿಕಾರ ನನಗೆ ಮದುವೆಯಾದ ಲಾಗಾಯ್ತು ಸಿಕ್ಕಿರಲಿಲ್ಲ.

ಅಧ್ಯಕ್ಷರು ಮೈಕು ಆಫ್ ಮಾಡಿಸಿದರು. ಬಾಗಿಲು ಮುಚ್ಚಿದ ಮನೆಯ ಒಳಕೋಣೆಗೆ ಕೇಳುವ ಹಾಗೆ ಹಾಡಿ ಬೆಳೆದ ಹಾಡಿಗೆ ಮೈಕು ಯಾವ ಲೆಕ್ಕ. ಬೆಳಿಗ್ಗೆಯಿಂದ ಗುಂಯ್ ಎನ್ನುತ್ತಿದ್ದ ಸ್ಪೀಕರು ಸತ್ತು, ಅವಳ ದನಿ ಒಂದೇ ಉಳಿಯಿತು. ಹಿಂದೆ ಮಾತಾಡುತ್ತಿದ್ದವರು ತಾವಾಗಿ ಸುಮ್ಮನಾದರು.

ಆಗ ಫ್ಯಾನು ತಿರುಗಿತು. ಅತಿಥಿಗಳಿಗೆಂದು ಇಟ್ಟಿದ್ದ ಕಾಲು ಇರುವ ದೊಡ್ಡ ಫ್ಯಾನು. ಗಾಳಿ ಬಂದಾಗಲೆಲ್ಲ ದೀಪ ಮಲಗಿ ಏಳುತ್ತಿತ್ತು. ಬಸಪ್ಪ ಎದ್ದ. ಸ್ಟೇಜು ಹತ್ತಿ, ಹೆಗಲ ಟವೆಲ್ಲು ಬಿಡಿಸಿ ಎರಡೂ ಕೈಯಲ್ಲಿ ಹಿಡಿದು, ಫ್ಯಾನಿಗೂ ದೀಪಕ್ಕೂ ನಡುವೆ ಗೋಡೆಯ ಹಾಗೆ ನಿಂತ. ಯಾರ ಮುಖವನ್ನೂ ನೋಡಲಿಲ್ಲ. ಮುಖ್ಯ ಅತಿಥಿಗಳಿಗೆ ಗಾಳಿ ನಿಂತು ಬೆವರು ಬಂತು.

ಅಧ್ಯಕ್ಷರಿಗೆ ಉಪಾಯ ಹೊಳೆಯಿತು. ಕುಡಿಯುವ ನೀರಿನ ಬಾಟಲಿ ಎತ್ತಿಕೊಂಡು, ಇದನ್ನೇ ಸ್ವಲ್ಪ ಹಾಕಿದರೆ ಸಾಕು, ಜನಕ್ಕೇನು ಗೊತ್ತಾಗುತ್ತದೆ ಎನ್ನುತ್ತಾ ಮಂಜುಳನ ಕಡೆ ನಡೆದರು. ಮುಚ್ಚಳ ತೆಗೆದೂ ಆಯಿತು. ಮಂಜುಳ ಹಾಡುತ್ತಲೇ ಹಿಂದೆ ಸರಿದಳು. ಹಿಂದೆ ಇಪ್ಪತ್ತು ಕುರ್ಚಿ, ಸರಿಯಲು ಜಾಗವಿಲ್ಲ.

ನಾನು ಕೂತಲ್ಲಿಂದಲೇ ಮುಖ್ಯ ಅತಿಥಿಗಳ ಕಡೆ ತಿರುಗಿ ಮಾತಾಡಿದೆ. ನನ್ನ ದನಿಗೂ ಮೈಕು ಬೇಡ.

"ಸಾಹೇಬ್ರ, ನೀರು ಬಿಟ್ರ ದೀಪ ಆರತೈತಿ. ಈ ದೀಪ ಯಾರ ಎದುರಿಗೆ ಆರತೈತೋ ಅವರು ಮುಂದಿನ ಚುನಾವಣೆ ಸೋಲ್ತಾರ. ನಮ್ಮ ಕಡೆ ಇಬ್ರು ಹಂಗ ಹೋಗ್ಯಾರ, ನೋಡ್ರಿ."

ಈ ನಂಬಿಕೆ ಹುಟ್ಟಿದ್ದು ಆ ಕ್ಷಣದಲ್ಲಿ. ಹೆತ್ತವಳು ನಾನೇ. ಮುಖ್ಯ ಅತಿಥಿಗಳು ಕೈಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡರು.

"ಏ, ನೀರು ಕೆಳಗಿಡ್ರೀ," ಎಂದರು ಅಧ್ಯಕ್ಷರಿಗೆ. "ಹಾಡ್ಲಿ ಬಿಡ್ರೀ, ನಂಗೇನು ಅರ್ಜೆಂಟಿಲ್ಲ."

ಕೈ ಮುಗಿದುಕೊಂಡೇ ಕೂತರು, ಕೊನೆಯವರೆಗೆ.

ಕೊಟ್ಟಿಗೆಯ ಪದ ಬಂತು. ಮನೆಯ ದನಗಳನ್ನು ಬಣ್ಣ ಹಿಡಿದು, ಕೊಂಬು ಹಿಡಿದು ಒಂದೊಂದಾಗಿ ಕರೆಯುವುದು. ಕೊನೆಗೆ ಹರಕೆ, ಬಾವಿಗೆ, ಕಣಕ್ಕೆ, ತೊಟ್ಟಿಲಿಗೆ. ನಾನು ಮೈಮರೆತೆ. ನಿಜ ಹೇಳುತ್ತೇನೆ, ಮರೆತೇ ಹೋಯಿತು. ಗಿರಿಜ ಈ ಸಲ ನನ್ನ ತೊಡೆ ಚಿವುಟಿದಾಗ ನೋಡುತ್ತೇನೆ, ದೀಪದ ತುದಿ ನೀಲಿಯಾಗಿದೆ. ಎಣ್ಣೆ ತಳ ಕಂಡಿದೆ. ಮಂಜುಳ ಕೊನೆಯ ಪದ ಎಳೆಯುತ್ತಾ ಕೆಳಗೆ ಜನರೊಳಗೆ ಯಾರನ್ನೋ ಹುಡುಕುತ್ತಿದ್ದಾಳೆ.

ಎದ್ದೆ. ಮಂಡಿ ಹಿಡಿಯಿತು. ಯಾವ ಮಂಡಿಗೆ ಎಣ್ಣೆ ತಂದಿದ್ದೆನೋ ಅದೇ ಮಂಡಿ, ಸ್ಟೇಜಿನ ಎರಡನೇ ಮೆಟ್ಟಿಲಲ್ಲಿ. ನನ್ನ ಚೇಷ್ಟೆಗೆ ಈ ಹುಡುಗಿಯ ಹಬ್ಬ ಹೋಯಿತಲ್ಲ ಎಂದುಕೊಂಡೆ.

"ಗೌರಕ್ಕ, ಕೈ ಊರ್ಕಂಡಾದ್ರೂ ಬಾರೆ," ಎಂದ ಬಸಪ್ಪ. ಟವೆಲ್ಲು ಬಿಟ್ಟು ಬರುವ ಹಾಗಿರಲಿಲ್ಲ ಅವನಿಗೆ.

ಕೈ ಊರಿಕೊಂಡೇ ಹೋದೆ, ಅಂಬೆಗಾಲಿನ ಮಗುವಿನ ಹಾಗೆ. ಮುಂದಿನ ಸಾಲಿನವರು ಫೋಟೋ ತೆಗೆದರು, ತೆಗೆಯಲಿ. ಹಲ್ಲಲ್ಲಿ ಬಿರಡೆ ಕಿತ್ತು ಎರೆದೆ. ದೀಪ ಚಿಟಿಚಿಟಿ ಎಂದಿತು, ಕರ್ಪೂರದ ಘಾಟು ಎದ್ದಿತು, ಆಮೇಲೆ ಗೇಣುದ್ದ ಉರಿಯಿತು. ಮಂಜುಳ ಆಗಷ್ಟೇ ಕೊನೆಯ ಪದವನ್ನು ಕೆಳಗಿಟ್ಟಳು.

ಚಪ್ಪಾಳೆಯ ನಡುವೆ ಅಧ್ಯಕ್ಷರು ಶಾಲು ಹಿಡಿದು ಬಂದರು. ದೀಪ ಹಿಡಿದವಳಿಗೆ ಹೊದಿಸಲಾಗದೆ ನನಗೆ ಹೊದಿಸಿದರು. ಫೋಟೋ ಆಯಿತು. ಹಿಂದಿನಿಂದ ಕೈ ಬಂತು. ನಾನು ಶಾಲಿನ ಎರಡೂ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದೆ.

ವ್ಯಾನು

ದೀಪ ಉರಿಯುತ್ತಲೇ ಊರು ಸೇರಬೇಕಲ್ಲ. ಬಾಡಿಗೆ ವ್ಯಾನಿನ ಕಿಟಕಿಗಳನ್ನೆಲ್ಲ ಏರಿಸಿ, ಮಂಜುಳನ ಮಡಿಲಿನ ದೀಪದ ಸುತ್ತ ಆ ಜರಿ ಶಾಲನ್ನೇ ಅಡ್ಡ ಹಿಡಿದೆವು. ಹತ್ತೊಂಬತ್ತು ಹೆಗಲಲ್ಲಿ ಅದು ಮಾಡಿದ ಒಂದೇ ಕೆಲಸ ಅದು. ಒಳಗೆ ಸೆಕೆ, ಬೆವರು, ಮೇಲೆ ನನ್ನ ಮಂಡಿಯ ವಾಸನೆ. ಡ್ರೈವರು ಎರಡು ಸಲ ಸೀನಿದ, ಎರಡು ಸಲವೂ ನಾವು ಏಳು ಜನ ಉಸಿರು ಹಿಡಿದೆವು.

ವಿಡಿಯೋ ನೋಡೋಣ ಎಂದು ಫೋನು ತೆಗೆದರೆ, ಗಿರಿಜ ಅದನ್ನು ಹಿಂದುಮುಂದಾಗಿ ಹಿಡಿದಿದ್ದಾಳೆ. ಹಾಡು ಪೂರ್ತಿ ಇದೆ. ಕಾಣುವುದು ಅರ್ಧ ಗಂಟೆ ಅಡಿಕೆ ಜಗಿಯುವ ಗಿರಿಜನ ಗಲ್ಲ. ನಡುವೆ ಒಮ್ಮೆ ಅದು ಅತ್ತದ್ದೂ ಕಾಣುತ್ತದೆ. ಅವಳು ಬೆವರು ಎನ್ನುತ್ತಾಳೆ.

ಬಸಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ. ಕುಪ್ಪಗಡ್ಡೆಯ ಗದ್ದೆ ಬಯಲು ಕಂಡಾಗ ಹಿಂದೆ ತಿರುಗದೆ ಕೇಳಿದ.

"ಬಾಟ್ಲಿ ಮೊದ್ಲಿಂದ ನಿನ್ ಹತ್ರನೇ ಇತ್ತಾ ಗೌರಕ್ಕ?"

"ನೆರಿಗ್ಯಾಗ ಇತ್ತು."

ಅವನು ಟವೆಲ್ಲಿನಿಂದ ಕತ್ತು ಒರೆಸಿಕೊಂಡ. ಮೋಸ ಎಂದು ಷರತ್ತು ಮುರಿಯುತ್ತಾನೇನೋ ಎಂದು ನನಗೆ ಅಂಜಿಕೆ. ಮಂಜುಳ ಶಾಲಿನೊಳಗೆ ತಲೆ ಬಗ್ಗಿಸಿ ದೀಪವನ್ನೇ ನೋಡುತ್ತಿದ್ದಳು. ವ್ಯಾನು ಅವನ ಮನೆಯ ಮುಂದೆ ನಿಂತಿತು. ಇಳಿದ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ, ದೀಪ ಉರಿಯುವುದನ್ನು ಕಿಟಕಿಯಿಂದ ಬಗ್ಗಿ ನೋಡಿದ.

"ಹಬ್ಬದ ದಿನ ಮೊದ್ಲು ನಮ್ಮನೆ ಬಾಗ್ಲಿಗೆ ಬಾ ಮಂಜುಳ," ಎಂದ. "ನಾನೂ ಎಣ್ಣೆ ತಡವಾಗೇ ಹಾಕ್ಸ್ತೀನಿ."